ಒಂದೇ ಹಣ್ಣಿಗೆ ಎರಡು ಬಾಯಿ

ಪೊಳ್ಳಾಚಿ ಬಳಿಯ ನೆಗಮಂ ಹತ್ತಿ ಸೀರೆಗೆ ಹೆಸರಾದ ಊರು. ಇರುಳಲ್ಲಿ ಪತಂಗ ನೋಡುವ ನಮ್ಮಂಥವರ ಕಣ್ಣು ಮಾತ್ರ ಆ ಸೀಮೆಯ ಬೇಲಿಗಳ ಅಮೃತಬಳ್ಳಿಯ ಮೇಲೆ. ಹಣ್ಣಿನ ರಸ ಹೀರುವ ಪತಂಗ, ಶಾಸ್ತ್ರೀಯವಾಗಿ ಯುಡೊಸಿಮಾ ಮಟೆರ್ನಾ, ಹುಳುವಾಗಿ ಬೆಳೆಯುವುದು ಈ ಬಳ್ಳಿಯ ಎಲೆ ತಿಂದು. ರೆಕ್ಕೆ ಮುಚ್ಚಿ ಕುಳಿತರೆ ಒಣ ಎಲೆ. ತೆರೆದರೆ ಹಿಂದಿನ ರೆಕ್ಕೆಯ ಕಿತ್ತಳೆ ಬಣ್ಣ ಥಟ್ಟನೆ ಹೊಳೆಯುತ್ತದೆ.

ಬೇರೆ ಹೆಚ್ಚಿನ ಪತಂಗಗಳ ಹೀರುನಾಳ ಹೂವಿನ ಮಕರಂದದಂಥ ದ್ರವಕ್ಕಷ್ಟೇ ಸಾಕು. ಇದರದು ಗಟ್ಟಿ, ತುದಿಯಲ್ಲಿ ಮುಳ್ಳುಗಳೂ ಇವೆ. ಕಿತ್ತಳೆ, ದಾಳಿಂಬೆಯ ಸಿಪ್ಪೆಯನ್ನೂ ಚುಚ್ಚುತ್ತದೆ. ಆ ತೂತಿನಿಂದ ಶಿಲೀಂಧ್ರ ಒಳಹೊಕ್ಕು ಹಣ್ಣು ಕೊಳೆತು ಉದುರುತ್ತದೆ.

ಹಣ್ಣುಬಾವಲಿಯೂ ಇರುಳಲ್ಲಿ ಅದೇ ಹಣ್ಣಿಗೆ ಬರುತ್ತದೆ. ಆದರೆ ತಿರುಳನ್ನು ಜಗಿದು ರಸ ನುಂಗಿ ಸಿಪ್ಪೆ ಉಗುಳುತ್ತದೆ, ಬೀಜವನ್ನು ದೂರ ಒಯ್ದು ಬೀಳಿಸುತ್ತದೆ. ಪತಂಗ ಹಣ್ಣನ್ನು ಕೆಡಿಸುವಲ್ಲಿ ಬಾವಲಿ ಕಾಡನ್ನು ಬಿತ್ತುತ್ತದೆ.

ಇಷ್ಟು ಉಪಕಾರಿಯಾದರೂ ಅಳಿದದ್ದು ಬಾವಲಿಯೇ. ಮಾರಿಷಸ್ ಮತ್ತು ರೀಯೂನಿಯನ್ ದ್ವೀಪಗಳಲ್ಲಿ ಟೆರೋಪಸ್ ಸಬ್‌ನೈಜರ್ ಎಂಬ ಪುಟ್ಟ ಹಣ್ಣುಬಾವಲಿ ಇತ್ತು. ಹಳೆಯ ಮರಗಳ ಪೊಟರೆಗಳಲ್ಲಿ ನೂರಾರು ಒಟ್ಟಿಗೆ ತಂಗುತ್ತಿದ್ದವು. ಜನ ಮಾಂಸಕ್ಕೂ ಕೊಬ್ಬಿಗೂ ಹಿಡಿದರು, ಕಾಡು ಕಡಿದರು. 19ನೇ ಶತಮಾನದಲ್ಲೇ ಅದರ ಕಥೆ ಮುಗಿಯಿತು.

ಕಾರಣ ಲೆಕ್ಕದಲ್ಲಿದೆ. ಪತಂಗ ನೂರಾರು ಮೊಟ್ಟೆ ಇಡುತ್ತದೆ, ಬಳ್ಳಿಯೊಂದಿದ್ದರೆ ಮತ್ತೆ ಹಬ್ಬುತ್ತದೆ. ಈ ಕುಲದ ಬಾವಲಿ ವರ್ಷಕ್ಕೊಂದೇ ಮರಿ ಹೆರುತ್ತದೆ, ಇಡೀ ಹಿಂಡು ಒಂದೇ ಮರಕ್ಕೆ ಅಂಟಿಕೊಳ್ಳುತ್ತದೆ. ಮರ ಉರುಳಿದರೆ ಹಿಂಡಿಗೆ ನೆಲೆಯಿಲ್ಲ.

ನಮ್ಮ ದೇಶದ ಕಥೆಯೂ ಬಹಳ ಬೇರೆಯಲ್ಲ. ವನ್ಯಜೀವಿ ಕಾಯ್ದೆ ಹಣ್ಣುಬಾವಲಿಯನ್ನು ಕಾಗೆ, ಇಲಿಗಳ ಜತೆ ಪೀಡಕ ಪಟ್ಟಿಯಲ್ಲಿ ಇಟ್ಟಿತ್ತು; 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ತಮಿಳುನಾಡಿನ ಮೇಘಮಲೆಯಲ್ಲಿ 1948ರಲ್ಲಿ ಸಿಕ್ಕ ಒಂದು ಬಾವಲಿಗೆ 1972ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರಿಟ್ಟರು. ಅದು ಮತ್ತೆ ಸಿಕ್ಕಿದ್ದು 1993ರಲ್ಲಿ. ಇಂದಿಗೂ ಅದು ಅಳಿವಿನಂಚಿನಲ್ಲೇ ಇದೆ.

ತೋಟಗಾರರಿಗೆ ನನ್ನ ಮಾತು ಇಷ್ಟೇ. ಹೊರಗಿನಿಂದ ಹಾರಿಬರುವ ಪತಂಗಕ್ಕೆ ಔಷಧ ಸಿಂಪಡಣೆ ಹೆಚ್ಚು ತಾಗದು. ಹಣ್ಣಿಗೆ ಚೀಲ ಕಟ್ಟಿ, ಬಲೆ ಹಾಕಿ. ಬಾವಲಿಯನ್ನು ದೂರವಿಡಲೂ ಅದೇ ಸಾಕು. ಬಾವಲಿ ತಂಗುವ ಆಲ, ಅರಳಿ ಮರಗಳಿಗೆ ಮಾತ್ರ ಕೊಡಲಿ ಹಾಕಬೇಡಿ.