ಕಾರವಾರದ ಮುದ್ರೆ, ಅಂಕೋಲೆಯ ವಿಳಾಸ: ಅಂಚೆಚೀಟಿಗೆ ಮರಳುವವರಿಗೊಂದು ಕೈಪಿಡಿ

ಅಂಕೋಲೆಯ ಒಂದೇ ಮನೆಗೆ, ಒಂದೇ ಹೆಸರಿಗೆ ಮುಂಬಯಿಯಿಂದ ಬರುತ್ತಿದ್ದ ಕಾಗದಗಳ ವಿಳಾಸದಲ್ಲಿ ಹದಿನೇಳು ವರ್ಷಗಳ ಅಂತರದಲ್ಲಿ ಮೂರು ರಾಜ್ಯಗಳ ಹೆಸರು ಬಂದವು. 1956ರ ಅಕ್ಟೋಬರ್ ತನಕ ‘ಉತ್ತರ ಕನ್ನಡ, ಮುಂಬಯಿ ರಾಜ್ಯ’. ಆ ವರ್ಷದ ನವೆಂಬರ್ 1ರಿಂದ ‘ಮೈಸೂರು ರಾಜ್ಯ’. 1973ರ ನವೆಂಬರ್ 1ರಿಂದ ‘ಕರ್ನಾಟಕ’. ಈ ನಡುವೆ 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂತು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಪದ್ಧತಿ ಬಂತು. ಕಾರವಾರ 581301 ಆಯಿತು, ಅಂಕೋಲೆ 581314 ಆಯಿತು. ಇಷ್ಟೂ ಚರಿತ್ರೆ ಆ ಮನೆಯ ಲಕೋಟೆಗಳ ಮೇಲೆ ಬರೆದಿದೆ. ಚಿಕ್ಕಂದಿನಲ್ಲಿ ಅಂಚೆಚೀಟಿ ಕೂಡಿಸಿ, ಓದು–ನೌಕರಿ–ಸಂಸಾರದ ಗದ್ದಲದಲ್ಲಿ ಆಲ್ಬಮ್ಮನ್ನು ಅಟ್ಟಕ್ಕೇರಿಸಿ, ಈಗ ಐವತ್ತರ ಆಸುಪಾಸಿನಲ್ಲಿ ಮತ್ತೆ ಕೆಳಗಿಳಿಸುವವರು ಮೊದಲು ಬದಲಿಸಿಕೊಳ್ಳಬೇಕಾದದ್ದು ನೋಡುವ ಕ್ರಮವನ್ನು. ಆಗ ಚೀಟಿಯ ಚಿತ್ರ ನೋಡಿದ್ದಾಯಿತು. ಈಗ ಇಡೀ ಲಕೋಟೆಯನ್ನು ಓದಬೇಕು.

ಹಳೆಯ ಆಲ್ಬಮ್ಮಿನಲ್ಲಿ ಏನೇನಿರುತ್ತದೆಂಬುದನ್ನು ತೆರೆಯದೆಯೇ ಹೇಳಬಹುದು. ‘ಮಾಗ್ಯಾರ್ ಪೋಸ್ಟಾ’ ಎಂದು ಬರೆದ ಹಂಗೇರಿಯ ಹೂವು, ಹಕ್ಕಿ; ಸೋವಿಯತ್ ರಷ್ಯದ ರಾಕೆಟ್ಟು; ಶಾರ್ಜಾ, ಅಜ್ಮಾನ್, ಫುಜೈರಾಗಳ ಥಳಥಳಿಸುವ ದೊಡ್ಡ ಚೀಟಿಗಳು. ಇವುಗಳಲ್ಲಿ ಬಹಳಷ್ಟು ಯಾವ ಕಾಗದದ ಮೇಲೂ ಪ್ರಯಾಣ ಮಾಡಿದವಲ್ಲ. 1971ರ ಡಿಸೆಂಬರಿನಲ್ಲಿ ಯು.ಎ.ಇ. ಹುಟ್ಟುವುದಕ್ಕೆ ಮುಂಚಿನ ವರ್ಷಗಳಲ್ಲಿ ಆ ಪುಟ್ಟ ಅರಬ್ ಸಂಸ್ಥಾನಗಳ ಹೆಸರಿನಲ್ಲಿ ಸಂಗ್ರಾಹಕರಿಗೆ ಮಾರುವುದಕ್ಕೆಂದೇ ರಾಶಿ ರಾಶಿ ಚೀಟಿ ಅಚ್ಚಾದವು. ಅಚ್ಚಾಗುವಾಗಲೇ ಮುದ್ರೆಯೂ ಬಿದ್ದು ಪೊಟ್ಟಣ ಸೇರಿದವೇ ಹೆಚ್ಚು. ಗುರುತು ಸುಲಭ: ಹಿಂಬದಿಯ ಅಂಟು ಹಾಗೇ ಇದ್ದು, ಮುಂಬದಿಯ ಮೂಲೆಯಲ್ಲಿ ಅಳತೆ ಮಾಡಿ ಇಟ್ಟಂಥ ಕಾಲುವೃತ್ತದ ಮುದ್ರೆ ಇದ್ದರೆ ಆ ಚೀಟಿ ಟಪಾಲಿನಲ್ಲಿ ಓಡಾಡಿದ್ದಲ್ಲ. ಹಾಗೆಂದು ಎಸೆಯಬೇಕಾಗಿಲ್ಲ, ಹತ್ತು ವರ್ಷದ ಮಕ್ಕಳಿಗೆ ಭೂಗೋಳ ಕಲಿಸಿದವು ಅವೇ. ಬೆಲೆಯ ಆಸೆ ಮಾತ್ರ ಬೇಡ.

ನಿಜವಾದ ಸಂಗ್ರಹ ಎಷ್ಟೋ ಸಲ ಮನೆಯ ಟ್ರಂಕಿನಲ್ಲೇ ಇರುತ್ತದೆ. ಈ ಕರಾವಳಿಯಿಂದ ಮುಂಬಯಿಗೆ, ಗೋವೆಗೆ, ಆಮೇಲೆ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಯೋಗಕ್ಷೇಮ ಬಂದದ್ದು ಟಪಾಲಿನಲ್ಲಿ. ಓದಿ ಮುಗಿದ ಕಾಗದವನ್ನು ಗೋಡೆಯ ಮೊಳೆಗೆ ತೂಗುಹಾಕಿದ ಕೊಕ್ಕೆತಂತಿಗೆ ಚುಚ್ಚಿಡುವುದು ಹಳೆಯ ಮನೆಗಳ ರೂಢಿ. ಅದಕ್ಕೇ ಆ ಕಾಲದ ಅನೇಕ ಕಾರ್ಡು, ಇನ್‌ಲ್ಯಾಂಡುಗಳ ನಡುವೆ ಒಂದು ತೂತು, ಅದರ ಸುತ್ತ ತುಕ್ಕಿನ ಕಲೆ. ಆ ತೂತಿಗೆ ಮರುಗುವುದು ಬೇಡ. ತಂತಿಗೆ ಏರದ ಕಾಗದಗಳು ಬಚ್ಚಲೊಲೆಗೆ ಹೋದವು. ಮಾಡಬಾರದ ಕೆಲಸ ಒಂದೇ ಒಂದು: ಬಾಲ್ಯದ ಅಭ್ಯಾಸದಂತೆ ಚೀಟಿಯ ಸುತ್ತ ಕತ್ತರಿ ಆಡಿಸಿ ನೀರಿನ ಬಟ್ಟಲಿಗೆ ಹಾಕುವುದು. ಕತ್ತರಿ ಬಿದ್ದರೆ ಊರು, ತಾರೀಕು, ದರ, ದಾರಿ ನಾಲ್ಕೂ ಹೋದವು.

ಇನ್ನು ಓದುವ ಬಗೆ. 1971ರ ನವೆಂಬರ್ ಕೊನೆಯ ವಾರದ ಒಂದು ಲಕೋಟೆ ಎಂದಿಟ್ಟುಕೊಂಡರೆ, ಮಾಮೂಲು ಚೀಟಿಯ ಪಕ್ಕದಲ್ಲಿ 5 ಪೈಸೆಯ ಇನ್ನೊಂದು ಪುಟ್ಟ ಕೆಂಪು ಚೀಟಿ ಇರುತ್ತದೆ. ಚಿತ್ರ ಕುಟುಂಬ ಯೋಜನೆಯದು. ಅದರ ಮೇಲೆ ‘ರೆಫ್ಯೂಜಿ ರಿಲೀಫ್’ ಎಂಬ ಮೇಲ್ಮುದ್ರಣ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ನೆರವಿಗಾಗಿ ಕೇಂದ್ರ ಸರಕಾರ ಆ ನವೆಂಬರ್ 15ರಿಂದ 1973ರ ಮಾರ್ಚ್ 31ರ ತನಕ, ಕಾರ್ಡು ಮತ್ತು ಪತ್ರಿಕೆಗಳನ್ನು ಬಿಟ್ಟು, ಟಪಾಲಿನ ಮೇಲೆ 5 ಪೈಸೆ ಹೆಚ್ಚುವರಿ ವಸೂಲು ಮಾಡಿತು. ಅದಕ್ಕೆಂದೇ ರಚಿಸಿದ ಹೊಸ ಚೀಟಿ ಡಿಸೆಂಬರ್ 1ಕ್ಕೆ ಬಂತು. ಅಲ್ಲಿಯ ತನಕ ಇದ್ದ ಚೀಟಿಯ ಮೇಲೆಯೇ ಅಚ್ಚೊತ್ತಿ ಕಳಿಸಿದರು. ನಾಸಿಕದ ಮುದ್ರಣಾಲಯದ್ದು ಸಾಲದೆ ಬೆಂಗಳೂರು, ಜೈಪುರಗಳಲ್ಲೂ ಬೇರೆ ಬೇರೆ ಅಕ್ಷರವಿನ್ಯಾಸದಲ್ಲಿ ಅಚ್ಚಾಯಿತು. ಎಷ್ಟೋ ಅಂಚೆ ಕಚೇರಿಗಳು ತಾವೇ ರಬ್ಬರ್ ಮುದ್ರೆ ಮಾಡಿಸಿಕೊಂಡವು. ಆದ್ದರಿಂದ ಭೂತಗನ್ನಡಿ ಹಿಡಿದು ಮೊದಲು ಆ ಅಕ್ಷರ ನೋಡಬೇಕು: ಇಂಗ್ಲಿಷ್ ಒಂದೇ ಇದೆಯೋ, ಹಿಂದಿಯೂ ಇದೆಯೋ, ಅಂಚು ಚೂಪಾಗಿದೆಯೋ, ರಬ್ಬರ್ ಮುದ್ರೆಯ ಶಾಯಿಯಂತೆ ಹರಡಿದೆಯೋ. ಆಮೇಲೆ ದುಂಡು ಮುದ್ರೆಯ ಊರು ಮತ್ತು ತಾರೀಕು. ಲಕೋಟೆ ತಿರುವಿದರೆ ಬಟವಾಡೆಯ ಊರಿನ ಮುದ್ರೆ. ಎರಡು ತಾರೀಕುಗಳ ಅಂತರವೇ ಕಾಗದದ ಪ್ರಯಾಣದ ಅವಧಿ. ಹುಬ್ಬಳ್ಳಿಯ ಆರ್.ಎಂ.ಎಸ್. (ರೈಲ್ವೆ ಅಂಚೆ ಸೇವೆ) ಮುದ್ರೆ ಬಿದ್ದಿದ್ದರೆ ಘಟ್ಟದ ದಾರಿಯಿಂದ ಬಂದ ಕಾಗದ ಎಂದು ತಿಳಿಯಬಹುದು. ಈ ಜಿಲ್ಲೆಯ ಕರಾವಳಿಗೆ ರೈಲು ಬರಲು ಆಗಿನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಕಿ ಇತ್ತು. ಎಲ್ಲಿಯಾದರೂ ‘ಬೇರಿಂಗ್’ ಗುರುತು, ಕೈಬರಹದ ಪೈಸೆ ಲೆಕ್ಕ ಕಂಡರೆ ಕಳಿಸಿದವರು ಚೀಟಿ ಕಡಿಮೆ ಹಚ್ಚಿದ್ದರು, ಪಡೆದವರು ದಂಡ ಕೊಟ್ಟು ಬಿಡಿಸಿಕೊಂಡರು ಎಂದರ್ಥ.

ಹೀಗೆ ಓದಲು ಕಲಿತ ಕಣ್ಣಿಗೆ ಕಾರವಾರದಂಥ ಊರು ಇನ್ನೊಂದಿಲ್ಲ. ಗಡಿಯಾಚೆ ಪೋರ್ಚುಗೀಸ್ ಗೋವೆ. ಅಲ್ಲಿ 1871ರಿಂದ 1961ರ ತನಕ ಬೇರೆಯೇ ಅಂಚೆಚೀಟಿಗಳು. ಕಾರವಾರದ ದಡದಿಂದ ಕಾಣುವ ಅಂಜದೀವ್ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ತಂಗಿದ್ದವು. ಆ ಯಾನದ ನಾನೂರನೆಯ ವರ್ಷಕ್ಕೆ, 1898ರಲ್ಲಿ, ಪೋರ್ಚುಗಲ್ ತನ್ನ ವಸಾಹತುಗಳಿಗೆಲ್ಲ ಒಂದೇ ಮಾದರಿಯ ಎಂಟು ಚೀಟಿಗಳ ಮಾಲೆ ತಂದಿತು. ‘ಇಂಡಿಯಾ’ ಎಂದಷ್ಟೇ ಅಚ್ಚಾದ ಗೋವೆಯ ಚೀಟಿಗಳನ್ನು ಹೊಸಬರು ಬ್ರಿಟಿಷ್ ಭಾರತದ್ದೆಂದು ಎಣಿಸುವುದುಂಟು. ಕೆಳಗೆ ರೈಸ್, ಟಂಗಾ, ರೂಪಿಯಾ ಎಂದಿದ್ದರೆ ಗೋವೆಯದು. 1959ರ ನಂತರದವುಗಳಲ್ಲಿ ಎಸ್ಕುಡೊ, ಸೆಂಟಾವೊ ಇರುತ್ತವೆ.

ಇನ್ನೊಂದು ವಿಷಯವನ್ನು ಇಲ್ಲಿಯ ಸಂಗ್ರಾಹಕರು ಬೇರೆಯವರಿಗಿಂತ ಹೆಚ್ಚು ಶ್ರದ್ಧೆಯಿಂದ ನೋಡಬೇಕು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲ್ಲೂಕುಗಳ ಕಡಲಂಚಿನ ಊರುಗಳಿಂದ ಎಷ್ಟೋ ಕುಟುಂಬಗಳು ಮನೆ ಬಿಟ್ಟು ಎದ್ದವು. ಶಂಕುಸ್ಥಾಪನೆ 1986ರಲ್ಲಿ ಆಯಿತು, ಆ ನೆಲೆ ‘ಐ.ಎನ್.ಎಸ್. ಕದಂಬ’ ಎಂಬ ಹೆಸರಿನಲ್ಲಿ 2005ರ ಮೇ 31ರಂದು ಸೇವೆಗೆ ಬಂತು. ಆ ಊರುಗಳ ಹೆಸರು ಬರೆದ, ಆ ಮನೆಗಳ ಯಜಮಾನರಿಗೆ ಬಂದ ಹಳೆಯ ಕಾರ್ಡುಗಳು ಇವತ್ತು ಪುನರ್ವಸತಿ ಮನೆಗಳ ಪೆಟ್ಟಿಗೆಗಳಲ್ಲಿ ಇರಬಹುದು. ಪೇಟೆಯಲ್ಲಿ ಅವಕ್ಕೆ ಹತ್ತು ರೂಪಾಯಿಯೂ ಹುಟ್ಟದು. ಆದರೆ ಒಂದು ಊರು ಅಲ್ಲಿತ್ತು, ಅಲ್ಲಿಗೆ ದಿನವೂ ಟಪಾಲು ಹೋಗುತ್ತಿತ್ತು ಎಂಬುದಕ್ಕೆ ಅಷ್ಟು ನೇರವಾದ ಸಾಕ್ಷಿ ಸಿಗುವುದು ಕಷ್ಟ. ದುಬಾರಿ ಚೀಟಿಗಳ ಬೆನ್ನು ಹತ್ತುವುದಕ್ಕಿಂತ ಇಂಥ ನಾಲ್ಕು ಕಾರ್ಡು ಉಳಿಸುವುದು ಹೆಚ್ಚಿನ ಕೆಲಸ.

ವಿಷಯ ಹಿಡಿದು ಕೂಡಿಸುವವರಿಗೂ ಇಲ್ಲಿ ಕೊರತೆಯಿಲ್ಲ. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಠಾಕೂರರು ಇಲ್ಲಿ ಬಂದಿದ್ದು, ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು. ಅವರ ಮೊದಲ ಭಾರತೀಯ ಚೀಟಿ 1952ರ ಸಂತ–ಕವಿಗಳ ಮಾಲೆಯ 12 ಆಣೆಯದು; ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್ ಜೊತೆಗಾರರು. 1961ರ ಜನ್ಮಶತಾಬ್ದಿಗೆ 15 ನಯಾಪೈಸೆಯದು ಬಂತು. ಅಂಕೋಲೆಯ ಉಪ್ಪಿನ ಸತ್ಯಾಗ್ರಹ 1930ರ ಏಪ್ರಿಲ್ 13ರದು. ದಂಡಿಯಾತ್ರೆಯ ಐವತ್ತನೆಯ ವರ್ಷಕ್ಕೆ 1980ರಲ್ಲಿ ಜೋಡಿ ಚೀಟಿ ಬಂದಿದೆ. ಆದರೆ ಅದೊಂದನ್ನೇ ಅಂಟಿಸಿದ ಹಾಳೆ ಬಡವಾಗಿಯೇ ಕಾಣುತ್ತದೆ. ಪಕ್ಕದಲ್ಲಿ ಐದನೆಯ ಜಾರ್ಜ್ ದೊರೆಯ ತಲೆಯಿರುವ, ಅಂಕೋಲೆಯ ಮುದ್ರೆ ಬಿದ್ದ ಅದೇ ವರ್ಷದ ಒಂದು ಕಾರ್ಡು ಇಟ್ಟರೆ ಹಾಳೆಗೆ ಜೀವ ಬರುತ್ತದೆ. ಸತ್ಯಾಗ್ರಹಿಗಳು ಜೈಲಿನಿಂದ ಬರೆದ, ಅಧಿಕಾರಿಗಳು ಪರಿಶೀಲಿಸಿ ರುಜು ಹಾಕಿದ ಕಾಗದ ಯಾವ ಮನೆಯಲ್ಲಾದರೂ ಉಳಿದಿದ್ದರೆ ಅದನ್ನು ಕೊಳ್ಳುವ ಮಾತಾಡಬಾರದು. ಒಳ್ಳೆಯ ನಕಲು ತೆಗೆದು, ಮೂಲವನ್ನು ಆ ಮನೆಯವರಿಗೇ ಜೋಪಾನವಾಗಿ ಒಪ್ಪಿಸಬೇಕು.

ಚೀಟಿಯ ಕುಶಲತೆಯನ್ನೂ ಸವಿಯಬೇಕು. ಹಗುರವಾದ ಚಿಮಟದಿಂದ ಎತ್ತಿ, ಕಪ್ಪು ಹಲಗೆಯ ಮೇಲೆ ಬೋರಲು ಹಾಕಿದರೆ ಕಾಗದದೊಳಗಿನ ಜಲಚಿಹ್ನೆ ಕಾಣುತ್ತದೆ: 1865ರ ಚೀಟಿಗಳಲ್ಲಿ ಆನೆಯ ತಲೆ, ಮುಂದೆ ಬಹುಕಾಲ ನಕ್ಷತ್ರ, ಸ್ವಾತಂತ್ರ್ಯದ ನಂತರದ ಹಲವು ಚೀಟಿಗಳಲ್ಲಿ ಅಶೋಕ ಸ್ತಂಭ. 1949ರ ಪುರಾತತ್ವ ಮಾಲೆಯ 6 ಆಣೆಯ ಚೀಟಿಯಲ್ಲಿ ಬಿಜಾಪುರದ ಗೋಲಗುಮ್ಮಟವಿದೆ. ಆಗ ಬಿಜಾಪುರ, ಕಾರವಾರ ಎರಡೂ ಮುಂಬಯಿಗೆ ಸೇರಿದ್ದವು. 2006ರ ಡಿಸೆಂಬರಿನಲ್ಲಿ ಬಂದ 15 ರೂಪಾಯಿಯ ಶ್ರೀಗಂಧದ ಚೀಟಿ ಭಾರತದ ಮೊದಲ ಪರಿಮಳದ ಚೀಟಿ.

ಆದರೆ ಕರಾವಳಿಯಲ್ಲಿ ಇವನ್ನು ಉಳಿಸಿಕೊಳ್ಳುವುದೇ ದೊಡ್ಡ ಪಾಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಅಂಟಿರುವ ಹೊಸ ಚೀಟಿ ಹಾಳೆಗೆ ಕಚ್ಚಿಕೊಳ್ಳುತ್ತದೆ, ಹಳೆಯ ಕಾಗದಕ್ಕೆ ಕಂದು ಚುಕ್ಕೆ ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಆಲ್ಬಮ್ಮನ್ನು ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಬೇಕು. ಹೊರಗೋಡೆಗೆ ತಾಗಿದ ಕಪಾಟು ಬೇಡ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಆಗಾಗ ಬದಲಿಸಬೇಕು. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಹಾಳೆ ತಿರುವಿ ಗಾಳಿಯಾಡಿಸಬೇಕು, ಬಿಸಿಲಿಗೆ ಮಾತ್ರ ಹಿಡಿಯಬಾರದು, ಬಣ್ಣ ಹೋಗುತ್ತದೆ. ಸೆಲ್ಲೋಟೇಪು ಯಾವ ಕಾಲಕ್ಕೂ ಬೇಡ.

ದುಡ್ಡಿನ ಮಾತು ಎತ್ತದೆ ಇರಲಾಗದು. 1948ರ ಗಾಂಧಿ ಮಾಲೆಯ 10 ರೂಪಾಯಿ ಚೀಟಿಗೆ ‘ಸರ್ವಿಸ್’ ಎಂದು ಮೇಲ್ಮುದ್ರಣ ಮಾಡಿದ ನಾಲ್ಕರ ಸಾಲೊಂದು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ಸುದ್ದಿ ಓದಿ ಟ್ರಂಕು ತೆರೆದವರು ಬಹಳ. ಹಾಗೆಯೇ ಖೋಟಾ ‘ಸರ್ವಿಸ್’ ಒತ್ತುವವರೂ ಇದ್ದಾರೆ. ಮೇಲ್ಮುದ್ರಣವಿರುವ, ‘ಅಚ್ಚಿನ ತಪ್ಪು’ ಎಂದು ಹೇಳುವ ಯಾವ ದುಬಾರಿ ಚೀಟಿಯನ್ನೂ ಬಲ್ಲವರಿಗೆ ತೋರಿಸದೆ ಕೊಳ್ಳಬಾರದು. ಲಕ್ಷಗಟ್ಟಲೆ ಅಚ್ಚಾದ ಈಚಿನ ಸ್ಮರಣಾರ್ಥ ಚೀಟಿಗಳನ್ನು ಹಾಳೆಗಟ್ಟಲೆ ಕೊಂಡಿಟ್ಟವರು ಬಹುಪಾಲು ಮುಖಬೆಲೆಗೂ ಮಾರಲಾರದೆ ಕೂತಿದ್ದಾರೆ.

ಆ ‘ಬಲ್ಲವರು’ ಸಿಗುವುದು ಸಂಘದಲ್ಲಿ. ಬೆಂಗಳೂರಿನಲ್ಲಿ ಕರ್ನಾಟಕ ಫಿಲಾಟೆಲಿಕ್ ಸೊಸೈಟಿ ಇದೆ, ಮಂಗಳೂರಿನಲ್ಲಿ ದಕ್ಷಿಣ ಕನ್ನಡದ ಅಂಚೆಚೀಟಿ–ನಾಣ್ಯ ಸಂಗ್ರಾಹಕರ ಸಂಘವಿದೆ. ಕರ್ನಾಟಕ ಅಂಚೆ ವೃತ್ತ ‘ಕರ್ನಾಪೆಕ್ಸ್’ ಪ್ರದರ್ಶನ ನಡೆಸುತ್ತದೆ. ಊರಿನಲ್ಲೇ ಇದ್ದು ಶುರು ಮಾಡುವವರು ಕಾರವಾರದ ಪ್ರಧಾನ ಅಂಚೆ ಕಚೇರಿಯಲ್ಲಿ ಫಿಲಾಟೆಲಿ ಠೇವಣಿ ಖಾತೆಯ ಬಗ್ಗೆ ವಿಚಾರಿಸಬೇಕು. 200 ರೂಪಾಯಿಯಿಂದ ಖಾತೆ ತೆರೆದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ. ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ 2017ರಲ್ಲಿ ಆರಂಭವಾದ ದೀನದಯಾಳ್ ಸ್ಪರ್ಶ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನವಿದೆ. ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವ ಅಥವಾ ಸ್ವಂತ ಠೇವಣಿ ಖಾತೆ ಬೇಕು. ಅಜ್ಜ–ಮೊಮ್ಮಗಳು ಕೂಡಿ ಶುರು ಮಾಡಲು ಇದಕ್ಕಿಂತ ಒಳ್ಳೆಯ ನೆಪ ಬೇಡ.

ಸಂಘಕ್ಕೆ ಹೊಸದಾಗಿ ಹೋಗುವವರು ಇಡೀ ಪೆಟ್ಟಿಗೆ ಹೊತ್ತೊಯ್ಯುವ ಬದಲು ಒಂದೇ ಹಾಳೆ, ಒಂದೇ ಪ್ರಶ್ನೆ ಒಯ್ದರೆ ಹೆಚ್ಚು ಕಲಿಯುತ್ತಾರೆ. ಜೊತೆಗೆ ಕೊಟ್ಟುಬಿಡಬಹುದಾದ ಜೋಡಿ ಪ್ರತಿಗಳ ಒಂದು ಪೊಟ್ಟಣವಿರಲಿ. ಇನ್ನೊಬ್ಬರ ಚೀಟಿಯನ್ನು ಬೆರಳಿನಿಂದ ಮುಟ್ಟುವಂತಿಲ್ಲ, ಎಷ್ಟಕ್ಕೆ ತಂದಿರಿ ಎಂದು ಮೊದಲೇ ಕೇಳುವಂತಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಹಿರಿಯ ಸಂಗ್ರಾಹಕರು ಅರ್ಧ ಗಂಟೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಆ ಅರ್ಧ ಗಂಟೆ ಯಾವ ಕ್ಯಾಟಲಾಗಿನಲ್ಲೂ ಇಲ್ಲ.

ಪ್ರದರ್ಶನದಲ್ಲಿ ಒಂದು ಚೌಕಟ್ಟಿಗೆ ಹದಿನಾರು ಹಾಳೆ. ಮೊದಲ ಹಾಳೆಯಲ್ಲಿ ಸಂಗ್ರಾಹಕರ ಉದ್ದೇಶವಿರುತ್ತದೆ. ಅದನ್ನು ಓದದೆ ಮುಂದೆ ಹೋದರೆ ಉಳಿದದ್ದು ಬರೀ ಚಿತ್ರಸಾಲು. ಅಂತರರಾಷ್ಟ್ರೀಯ ನಿಯಮದಂತೆ ಅಂಚೆ ಚರಿತ್ರೆಯ ವಿಭಾಗದಲ್ಲಿ ನೂರು ಅಂಕಗಳಲ್ಲಿ 35 ಅಂಕ ಜ್ಞಾನ–ಸಂಶೋಧನೆಗೆ, ಅಂದಚಂದಕ್ಕೆ ಬರೀ 5. ಈ ಲೆಕ್ಕ ಕಾರವಾರ, ಅಂಕೋಲೆಯ ಬಡ ಟ್ರಂಕುಗಳಿಗೆ ಅನುಕೂಲವಾದದ್ದೇ. ಹದಿನಾರು ಹಾಳೆಗೆ ಬೇಕಾದ ಸಾಮಗ್ರಿ ಒಂದೆರಡು ಮನೆಗಳಲ್ಲೇ ಸಿಕ್ಕೀತು: ಆಣೆ ಕಾಲದ ಮುಂಬಯಿ ರಾಜ್ಯದ ವಿಳಾಸ, ನಯಾಪೈಸೆ ಬಂದ ವಾರಗಳ ಬೆರಕೆ ಚೀಟಿಗಳು, ನಿರಾಶ್ರಿತರ 5 ಪೈಸೆ, ಪಿನ್‌ಕೋಡಿನ ಮೊದಲ ವರ್ಷಗಳು, ಕೊಲ್ಲಿಯಿಂದ ಬಂದ ಏರ್‌ಮೇಲ್, ಎದ್ದುಹೋದ ಊರುಗಳ ಕಾರ್ಡು. ಕೊನೆಯ ಹಾಳೆಗೆ ಈಚಿನದೊಂದು ಬೇಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಅಲ್ಲಿಯ ತನಕ ಬ್ಯಾಂಕಿನಿಂದಲೋ ಕೋರ್ಟಿನಿಂದಲೋ ಬಂದ, ರಿಜಿಸ್ಟರ್ ನಂಬರಿನ ಚೀಟಿ ಹಚ್ಚಿದ ಲಕೋಟೆಗಳು ಇನ್ನೂ ಎಲ್ಲರ ಮನೆಯ ಫೈಲುಗಳಲ್ಲಿವೆ. ರದ್ದಿಗೆ ಹಾಕುವ ಮುಂಚೆ ಅವುಗಳಲ್ಲಿ ಮುದ್ರೆ ಸ್ಪಷ್ಟವಾಗಿರುವುದನ್ನು ಆರಿಸಿ ತೆಗೆದಿಡಬೇಕು.