ಗಾಂಧಾರಿಯಿಂದ ಗಂಗೂಬಾಯಿಯವರೆಗೆ

ಎಳೆಯ ಕಂಠಕ್ಕೆ ಕೀರ್ತಿಯು ಬೇಗನೆ ಒಲಿಯುವದು. ದೂರದರ್ಶನದ ಸ್ಪರ್ಧೆಯಲ್ಲಿ ಹದಿನೈದರ ಹುಡುಗಿಯೊಬ್ಬಳು ಹಾಡಿದ ಹಾಡು ಮರುದಿನವೇ ಮನೆಮನೆಯ ಮೊಬೈಲುಗಳಲ್ಲಿ ಕೇಳಿಬರುವದನ್ನು ಕಂಡು, ಇದು ಈ ಕಾಲದ ಹೊಸ ಸೃಷ್ಟಿಯೆಂದು ಹಿಗ್ಗುವವರೂ ಉಂಟು, ಹಳಿಯುವವರೂ ಉಂಟು. ಆದರೆ ಯಂತ್ರವೊಂದು ಬಾಲೆಯ ದನಿಯನ್ನು ಹಿಡಿದು ನಾಡಿಗೆಲ್ಲ ಹಂಚಿ ಅವಳನ್ನು ಹೆಸರುವಾಸಿಯಾಗಿ ಮಾಡಿದ್ದು ಕನ್ನಡ ನಾಡಿನಲ್ಲಿ ತೊಂಬತ್ತು ವರುಷಗಳ ಹಿಂದಿನ ಸಂಗತಿ. ಹಾಗೆ ಬಂದ ಕೀರ್ತಿಯಿಂದ ಹಾಡುಗಾರ್ತಿಗೆ ದೊರೆಯುವದೇನು, ದೊರೆಯದೆ ಉಳಿಯುವದೇನು ಎಂಬ ವಿಚಾರಕ್ಕೆ ಗಂಗೂಬಾಯಿ ಹಾನಗಲ್ಲರ ಜೀವನದಷ್ಟು ತಕ್ಕ ಉದಾಹರಣೆಯು ಬೇರೆ ಸಿಗಲಾರದು.

ಯಲ್ಲಾಪುರದ ವಾಚಕರಿಗೆ ಈ ಹೆಸರು ದೂರದ್ದಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಯ ಮೇಲೆಯೇ ಅವರ ಊರಿದೆ. ಗಂಗೂಬಾಯಿಯವರು ಬಾಳಿದ್ದು ಆ ಹುಬ್ಬಳ್ಳಿಯಲ್ಲಿ. ಅವರ ಹೆಸರಿಗೆ ಹತ್ತಿದ ಹಾನಗಲ್ಲು ಶಿರಸಿ ಸೀಮೆಯ ಮೂಡಣ ನೆರೆ. ೧೯೧೩ರಲ್ಲಿ ಧಾರವಾಡದಲ್ಲಿ ಹುಟ್ಟಿದ ಈ ಬಾಲೆಯ ತಾಯಿ ಅಂಬಾಬಾಯಿಯವರು ಕರ್ನಾಟಕ ಪದ್ಧತಿಯ ಗಾಯಕಿ. ಅವರ ಹಾಡಿಕೆಯನ್ನು ಕೇಳಲು ಅಬ್ದುಲ್ ಕರೀಂಖಾನರಂಥವರೇ ಮನೆಗೆ ಬರುತ್ತಿದ್ದರು. ಮಗಳಿಗೆ ಹಿಂದುಸ್ಥಾನಿ ಸಂಗೀತ ಹಿಡಿಸಿತು. ತಮ್ಮ ಹಾಡಿಕೆಯ ನೆರಳು ಮಗಳ ಕಂಠದ ಮೇಲೆ ಬೀಳಬಾರದೆಂದು ತಾಯಿಯು ಹಾಡುವದನ್ನೇ ಬಿಟ್ಟರು. ೧೯೨೮ರಲ್ಲಿ ಮಗಳ ವಿದ್ಯೆಗಾಗಿ ಕುಟುಂಬವು ಹುಬ್ಬಳ್ಳಿಗೆ ಬಂದು ನೆಲಸಿತು. ಗಂಗೂಬಾಯಿಯವರ ಕೀರ್ತಿಯ ಲೆಕ್ಕವನ್ನು ಬರೆಯುವವರು ಅದರ ಮೊದಲ ಸಾಲಿನಲ್ಲಿ ಈ ತಾಯಿಯ ಮೌನವನ್ನು ಬರೆಯಬೇಕಾಗುವದು.

ಕೀರ್ತಿಯ ಮೊದಲ ಮಿಂಚು ಹನ್ನೊಂದನೆಯ ವಯಸ್ಸಿಗೇ ಹೊಳೆಯಿತು. ೧೯೨೪ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಕೂಡಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನವು ಅದೊಂದೇ. ಅಲ್ಲಿಯ ಸ್ವಾಗತದ ಗಾಯನದಲ್ಲಿ ಈ ಹುಡುಗಿಯ ದನಿಯೂ ಇತ್ತು. ಅಂದು ತನ್ನನ್ನು ಕಾಡಿದ ಭಯವನ್ನು ಮುಂದೆ ಅವರೇ ನೆನೆದುಕೊಂಡಿರುವರು. ಅದು ಮಹಾಸಭೆಯ ಮುಂದೆ ಹಾಡುವ ಭಯವಲ್ಲ. ಮೇಲು ಜಾತಿಯವರ ಪಂಕ್ತಿಯು ಎದ್ದ ಮೇಲೆ ತನ್ನನ್ನು ಎಂಜಲೆಲೆ ಎತ್ತಲು ಹಚ್ಚುವರೇನೋ ಎಂಬದು. ಧಾರವಾಡದಲ್ಲಿ ಅವರ ಮನೆಯಿದ್ದದ್ದು ಬ್ರಾಹ್ಮಣರ ಕೇರಿಯ ಬಳಿಯಲ್ಲಿ. ಹಾಡುವವರ ಮಗಳೆಂದು ಬೀದಿಯಲ್ಲಿ ಹೀಯಾಳಿಸುವವರು ಅಲ್ಲಿ ಕಡಿಮೆಯಿರಲಿಲ್ಲ. ಹಾಡನ್ನು ಮೆಚ್ಚಿ ಹಾಡಿದವಳನ್ನು ಹೊಸ್ತಿಲಾಚೆ ನಿಲ್ಲಿಸುವ ಸಮಾಜದಲ್ಲಿ ಈ ಪ್ರತಿಭೆಯು ಬೆಳೆಯಬೇಕಾಯಿತು.

ಅಷ್ಟರಲ್ಲಿ ಗ್ರಾಮಫೋನು ಬಂದು ಕಾಲು ಶತಮಾನವಾಗಿತ್ತು. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನರ ದನಿಯನ್ನು ಯಂತ್ರವು ಹಿಡಿಯಿತು. ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು ೧೯೩೦ರಲ್ಲಿ ತೀರಿಕೊಂಡ ಗೌಹರ್ ಜಾನರೇ ಅವರು. ಕಂಠವು ಕೆಡುವದೆಂದೂ ವಿದ್ಯೆಯು ಬೀದಿಪಾಲಾಗುವದೆಂದೂ ಹೆದರಿ ಅನೇಕ ಉಸ್ತಾದರು ಯಂತ್ರಕ್ಕೆ ಹಾಡಲು ಹಿಂಜರಿದಾಗ, ಮುಂದೆ ಬಂದವರು ಹೆಚ್ಚಾಗಿ ಗಾಯನವನ್ನೇ ಉಪಜೀವಿಕೆಯಾಗಿ ಉಳ್ಳ ಮನೆತನಗಳ ಸ್ತ್ರೀಯರು. ಸಮಾಜವು ಯಾರಿಗೆ ಮರ್ಯಾದೆಯನ್ನು ಕೊಟ್ಟಿರಲಿಲ್ಲವೋ ಅವರಿಗೆ ಯಂತ್ರದಿಂದ ಮರ್ಯಾದೆ ಹೋದೀತೆಂಬ ಅಂಜಿಕೆಯೂ ಇರಲಿಲ್ಲ. ಹೀಗೆ ಹೆಂಗಸರ ದನಿಯು ಈ ದೇಶದ ಮೊದಲ ಜನಪ್ರಿಯ ದನಿಯಾಯಿತು.

೧೯೩೦ರ ದಶಕದ ಆರಂಭದಲ್ಲಿ, ಇಪ್ಪತ್ತು ತುಂಬುವ ಸುಮಾರಿಗೆ, ಗಂಗೂಬಾಯಿಯವರು ಮುಂಬಯಿಯಲ್ಲಿ ಎಚ್. ಎಂ. ವ್ಹಿ. ಕಂಪನಿಗಾಗಿ ಹಾಡಿದರು. ಆ ಮೊದಮೊದಲಿನ ಪ್ಲೇಟುಗಳ ಮೇಲೆ ಅಚ್ಚಾದ ಹೆಸರು ಗಾಂಧಾರಿ ಹಾನಗಲ್. ಮರಾಠಿ ಭಾವಗೀತೆಗಳು, ಜಿ. ಎನ್. ಜೋಶಿಯವರೊಡನೆ ಯುಗಳಗೀತೆಗಳು, ಮೂರು ಮಿನಿಟುಗಳಲ್ಲಿ ಮುಗಿಸಿದ ಚಿಕ್ಕ ಖ್ಯಾಲುಗಳು: ಇದು ಗಾಂಧಾರಿಯ ಸಂಪತ್ತು. ಆ ದನಿ ತೆಳ್ಳಗಿದ್ದು ಎತ್ತರದ ಸ್ವರದಲ್ಲಿ ಚುರುಕಾಗಿ ಆಡುವದು, ತಾನುಗಳು ಓಡುವವು, ಸ್ವರವು ಎಲ್ಲಿಯೂ ಸೋಲದು. ಆದರೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಪ್ಲೇಟಿನಲ್ಲಿ ರಾಗವು ಕೂಡ್ರಲು ಸ್ಥಳವಿಲ್ಲ. ಆಲಾಪವು ಆರಂಭವಾಗುವ ಮೊದಲೇ ಮುಗಿಯಬೇಕು. ಒಂದು ಸ್ವರದ ಮೇಲೆ ನಿಂತು ಅದರ ಸುತ್ತಮುತ್ತಲನ್ನು ನೋಡಲು ಅವಕಾಶವಿಲ್ಲ. ಆದ್ದರಿಂದ ಗಾಂಧಾರಿಯ ಹಾಡು ಕೇಳಿದೊಡನೆ ಹಿಡಿಸುವದು, ಕೇಳಿದ ಮೇಲೆ ಮತ್ತೆ ವಿಚಾರಕ್ಕೆ ಹಚ್ಚಲಾರದು. ಇದನ್ನು ದೋಷವೆನ್ನುವದಕ್ಕಿಂತ ಪ್ಲೇಟಿನ ಅಳತೆಯೆನ್ನುವದು ನ್ಯಾಯ.

ಈ ಜನಪ್ರಿಯತೆಯನ್ನು ಕೀಳೆಂದು ತಳ್ಳಿಹಾಕುವದೂ ಸರಿಯಲ್ಲ. ೧೯೩೨ರಲ್ಲಿ ತಾಯಿಯು ತೀರಿಕೊಂಡರು. ಸಂಸಾರದ ಭಾರವು ಈ ಎಳೆಯ ಹೆಗಲ ಮೇಲೆ ಬಿದ್ದಿತು. ಪ್ಲೇಟುಗಳೂ ಆಕಾಶವಾಣಿಯೂ ಅನ್ನವನ್ನು ಕೊಟ್ಟವು. ಅದಕ್ಕಿಂತ ದೊಡ್ಡದೊಂದನ್ನೂ ಅವು ಸಾಧಿಸಿದವು. ಯಾವ ಮನೆಗಳ ಪಂಕ್ತಿಯಲ್ಲಿ ಹಾಡುಗಾರ್ತಿಗೆ ಎಲೆಯನ್ನು ಹಾಕುತ್ತಿರಲಿಲ್ಲವೋ ಅಂಥ ಮನೆಗಳ ಜಗಲಿಯ ಮೇಲೆ ಅವಳ ಪ್ಲೇಟು ತಿರುಗಿತು. ಮನೆಯ ಹೆಣ್ಣುಮಕ್ಕಳು ಒಳಗಿನಿಂದ ಅದನ್ನು ಆಲಿಸಿ ಗುಣುಗುಣಿಸಿದರು. ಹಾಡುವದು ಕುಲಸ್ತ್ರೀಯರಿಗೆ ತಕ್ಕುದಲ್ಲವೆಂಬ ಮಾತು ಸಡಿಲಾದದ್ದು ಪಂಡಿತರ ವಾದದಿಂದ ಎಷ್ಟೋ, ಈ ಪ್ಲೇಟುಗಳಿಂದಲೂ ಅಷ್ಟೇ. ಆದರೂ ಮನೆಯೊಳಗೆ ಬಂದದ್ದು ದನಿ ಮಾತ್ರ. ದನಿಯ ಒಡತಿಯು ಹೊರಗೇ ನಿಂತಿದ್ದಳು. ಮಾರಾಟವಾಗುವ ಕೀರ್ತಿಯ ಮೇರೆಯು ಇಲ್ಲಿ ಸ್ಪಷ್ಟವಾಗಿ ಕಾಣುವದು.

ಕೈಗೆ ಬಂದ ಕೀರ್ತಿಯೇ ಸಾಕೆಂದು ಗಾಂಧಾರಿಯು ಕುಳಿತಿದ್ದರೆ, ಸಂಗ್ರಾಹಕರ ಕಪಾಟಿನಲ್ಲಿ ಇಂದು ಒಂದು ಇಂಪಾದ ಹೆಸರಾಗಿ ಉಳಿಯುತ್ತಿದ್ದಳು. ಹಾಗಾಗಲಿಲ್ಲ. ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿ ಇವರಲ್ಲಿ ಕಲಿತ ಅವರು ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆಯಾದರು. ಗುರುಗಳು ನಾಟಕ ಕಂಪನಿಗಳೊಡನೆ ತಿರುಗುತ್ತಿದ್ದಾಗ ಪಾಠವು ಬಿಟ್ಟು ಬಿಟ್ಟು ನಡೆಯಿತು. ಅವರು ಊರಲ್ಲಿ ನೆಲೆನಿಂತ ಮೇಲೆ ಕ್ರಮಕ್ಕೆ ಬಂದಿತು. ಪ್ಲೇಟು, ಆಕಾಶವಾಣಿಗಳಿಂದ ಹೆಸರಾಂತ ಗಾಯಕಿಯು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಒಂದೇ ಪಲುಕನ್ನು ಗುರುಗಳು ಸಾಕೆನ್ನುವವರೆಗೆ ದಿನಗಟ್ಟಲೆ ತಿರುಗಿ ತಿರುಗಿ ಹಾಡಿ, ರಾತ್ರಿಯ ಗಾಡಿಗೆ ಮರಳುತ್ತಿದ್ದರು. ಭೀಮಸೇನ ಜೋಶಿಯವರೂ ಫಿರೋಜ್ ದಸ್ತೂರರೂ ಅದೇ ಗುರುಗಳ ಶಿಷ್ಯರು. ಜನರು ಮೆಚ್ಚಿದ ಮೇಲೆ ಕಲಿಯಲು ಕುಳಿತುಕೊಳ್ಳುವದು, ಕಲಿತು ಜನರ ಮುಂದೆ ಬರುವದಕ್ಕಿಂತ ಕಠಿಣ; ಚಪ್ಪಾಳೆಯು ತಪ್ಪನ್ನೂ ಸರಿಯೆಂದು ಒಪ್ಪಿಬಿಟ್ಟಿರುವದು, ಗುರುವು ಒಪ್ಪನು.

೧೯೪೫ರ ಹೊತ್ತಿಗೆ ಅವರು ಠುಮರಿ, ಭಜನೆ, ಭಾವಗೀತೆಗಳನ್ನು ಬಿಟ್ಟು ಶುದ್ಧ ರಾಗಗಳನ್ನಷ್ಟೇ ಹಾಡತೊಡಗಿದರು. ಜನರಿಗೆ ಪ್ರಿಯವಾದದ್ದನ್ನೇ ಬಿಡುವ ಧೈರ್ಯವು ಕಲಾವಿದರಲ್ಲಿ ವಿರಳ. ಬಳಿಕ ಗಂಟಲಿನ ಬೇನೆ, ಅದರ ಚಿಕಿತ್ಸೆ ಇವುಗಳಿಂದ ದನಿಯೇ ಬದಲಾಯಿತು. ತೆಳ್ಳನೆಯ ಹೆಣ್ಣುದನಿಯು ಹೋಗಿ ಗಂಡುದನಿಯೆನ್ನಬಹುದಾದ ತುಂಬು ದನಿಯು ಬಂದಿತು. ಗಾಂಧಾರಿಯ ಮಾರುಕಟ್ಟೆಗೆ ಇದು ಸರ್ವನಾಶವಾಗುತ್ತಿತ್ತು. ಗಂಗೂಬಾಯಿಯವರು ಅದನ್ನೇ ತಮ್ಮ ಶೈಲಿಗೆ ತಳಹದಿಯಾಗಿ ಮಾಡಿಕೊಂಡರು. ಅವರ ಮಾರವಾ, ಪೂರಿಯಾ, ತೋಡಿ, ಚಂದ್ರಕಂಸಗಳನ್ನು ಕೇಳಿದವರಿಗೆ ಇದು ತಿಳಿದದ್ದೇ. ಕಿರಾಣಾ ಪದ್ಧತಿಯ ವಿಳಂಬಿತ ವಿಸ್ತಾರದಲ್ಲಿ ಸ್ವರದ ಮೇಲೆ ಸ್ವರವನ್ನು ಇಟ್ಟು, ಅವಸರವಿಲ್ಲದೆ ರಾಗವನ್ನು ಕಟ್ಟುವರು. ಆದರೆ ಆ ಪದ್ಧತಿಗೆ ಹೆಸರಾದ ಮೃದುತ್ವದ ಬದಲು ಅವರಲ್ಲಿ ಬಲವೂ ಗಾಂಭೀರ್ಯವೂ ಇರುವವು. ಮಂದ್ರದಲ್ಲಿ ಆ ದನಿಯು ನಿಂತರೆ, ಕೆಳಗಿನ ಷಡ್ಜವು ತಂಬೂರಿಯಲ್ಲಿಯೋ ಕಂಠದಲ್ಲಿಯೋ ಎಂದು ಕೇಳುವವನು ಒಂದು ಕ್ಷಣ ತಡೆಯುವನು. ಸಿಹಿಯಾದದ್ದೇ ಹೆಣ್ಣಿನ ಹಾಡಿನ ಗುಣವೆಂಬ ರೂಢಿಯನ್ನು ಅವರು ಮಾತಿನಿಂದಲ್ಲ, ಹಾಡಿನಿಂದಲೇ ಸುಳ್ಳುಮಾಡಿದರು.

ಅವರ ಗಾಯನದಲ್ಲಿ ರಾಗಗಳ ವೈವಿಧ್ಯವು ಸಾಲದು, ಪ್ರಚಲಿತ ರಾಗಗಳೇ ಮತ್ತೆ ಮತ್ತೆ ಬರುವವು ಎಂಬದೊಂದು ಆಕ್ಷೇಪ. ಈ ಮಾತು ಕಿರಾಣಾ ಮನೆತನಕ್ಕೆಲ್ಲ ಅನ್ವಯಿಸುವದು, ತಕ್ಕಮಟ್ಟಿಗೆ ನಿಜವೂ ಹೌದು. ಆದರೆ ಒಂದು ರಾಗವನ್ನು ಐವತ್ತು ವರುಷ ಹಾಡಿದರೂ ಮುಗಿಯದೆಂಬ ಅರಿವು ಅಲಂಕಾರವಲ್ಲ. ಮೂರು ಮಿನಿಟಿನ ಪ್ಲೇಟಿನಿಂದ ಹೊರಟವರು ತಲುಪಿದ ನೆಲೆಯು ಅದು. ಇನ್ನೊಂದು ದಾರಿಯೂ ಇತ್ತೆಂಬದನ್ನು ಮರೆಯಬಾರದು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಚಲಚ್ಚಿತ್ರಕ್ಕೆ ಹೋದರು. ೧೯೪೩ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅವರ ದನಿಯು ದೇಶಕ್ಕೆಲ್ಲ ಪರಿಚಯವಾಯಿತು. ಅದು ಕೀಳು ದಾರಿಯಲ್ಲ. ಭಾವವನ್ನು ನಾಲ್ಕು ಸಾಲುಗಳಲ್ಲಿ ತುಂಬಿ ಕೊಡುವದು ಬೇರೊಂದು ವಿದ್ಯೆ. ಆದರೆ ಚಿತ್ರಗೀತೆಯ ಗಾಯಕಿಗೆ ಕಾಲದ ರುಚಿಯೇ ಯಜಮಾನ. ಹೊಸ ದನಿಗಳು ಬಂದೊಡನೆ ಅಮೀರಬಾಯಿಯವರು ಹಿಂದೆ ಸರಿಯಬೇಕಾಯಿತು. ಕುಂದಗೋಳದ ರೈಲನ್ನು ಹಿಡಿದವರಿಗೆ ಆ ಯಜಮಾನನ ಹಂಗು ತಪ್ಪಿತು.

ಹಂಗು ತಪ್ಪಿದರೂ ಸಮಾಜದ ಅಳತೆಗೋಲು ತಪ್ಪಲಿಲ್ಲ. ಗಂಡಸು ಹಾಡಿದರೆ ಮುಸಲ್ಮಾನನು ಉಸ್ತಾದನಾಗುವನು, ಹಿಂದುವು ಪಂಡಿತನಾಗುವನು. ಕೇಸರಬಾಯಿ, ಮೋಗುಬಾಯಿಯಂಥ ಹೆಂಗಸರು ಮಾತ್ರ ಬಾಯಿಗಳಾಗಿಯೇ ಉಳಿಯುವರೆಂದು ಅವರೇ ಆಡಿ ತೋರಿಸಿದ್ದರು. ೧೯೭೧ರಲ್ಲಿ ಪದ್ಮಭೂಷಣ, ೧೯೭೩ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ೨೦೦೨ರಲ್ಲಿ ಪದ್ಮವಿಭೂಷಣ ಬಂದವು. ೨೦೦೬ರವರೆಗೂ ಹಾಡಿ, ೨೦೦೯ರ ಜುಲೈ ೨೧ರಂದು ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ಅವರು ಹುಬ್ಬಳ್ಳಿಯಲ್ಲಿ ಕಾಲವಾದರು. ಎಂಜಲೆಲೆಗೆ ಅಂಜಿದ್ದ ಬಾಲೆಯ ಹೆಸರನ್ನು ರಾಜ್ಯದ ಸಂಗೀತ ವಿಶ್ವವಿದ್ಯಾಲಯವು ಇಂದು ಹೊತ್ತಿದೆ.

ಇಂದಿನ ಹುಡುಗಿಯರಿಗೆ ಗ್ರಾಮಫೋನಿಗಿಂತ ಸಾವಿರ ಪಾಲು ವೇಗದ ಯಂತ್ರಗಳು ದೊರೆತಿರುವವು. ಘಟ್ಟದ ಮೇಲಿನ ಅಡಕೆ ತೋಟದ ಮನೆಯಿಂದ ಹಾಡಿದ ಹಾಡೂ ಒಂದು ರಾತ್ರಿಯಲ್ಲಿ ಲೋಕವನ್ನು ಮುಟ್ಟಬಹುದು. ಅವರು ಹಾಡಲಿ, ಹೆಸರು ಪಡೆಯಲಿ. ಅದಕ್ಕೆ ಮುಖ ಸಿಂಡರಿಸುವದು ಹಳೆಯ ಕೇರಿಯ ಹೀಯಾಳಿಕೆಗೆ ಇನ್ನೊಂದು ವೇಷವನ್ನು ತೊಡಿಸಿದಂತಾಗುವದು. ಆದರೆ ಮೂರು ಮಿನಿಟಿಗೂ ಇಂದು ತಾಳ್ಮೆಯಿಲ್ಲ. ಅರ್ಧ ಮಿನಿಟಿನಲ್ಲಿ ಮೆಚ್ಚುಗೆಯ ತೀರ್ಪು ಆಗಿಬಿಡುವದು. ಅಂಥ ತೀರ್ಪಿನ ಮರುದಿನ ಆ ಹುಡುಗಿಯು ಮತ್ತೆ ತಂಬೂರಿಯ ಮುಂದೆ ಕುಳಿತುಕೊಳ್ಳುವಷ್ಟು ಬಿಡುವನ್ನೂ ಧೈರ್ಯವನ್ನೂ ಕೊಡುವ ಭಾರವು ಮನೆಯವರ ಮೇಲಿದೆ. ಎಷ್ಟು ಜನರು ಕೇಳಿದರೆಂದು ಅವಳನ್ನು ವಿಚಾರಿಸುವ ನೆರೆಹೊರೆಯವರು, ಯಾರಲ್ಲಿ ಕಲಿಯುತ್ತಿರುವೆ, ಈ ವಾರ ಯಾವ ಪಾಠವಾಯಿತೆಂದೂ ಕೇಳುವಂತಾದರೆ ಸಾಕು. ಉಳಿದದ್ದನ್ನು ಅವಳೇ ನೋಡಿಕೊಳ್ಳುವಳು.