ಶ್ರೋತೃಗಳನ್ನು ಮರೆಯದ ಪುಸ್ತಕ

ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ 1928ರ ಅಕ್ಟೋಬರಿನಲ್ಲಿ ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್, ಗರ್ಟನ್ ಎಂಬ ಮಹಿಳಾ ಕಾಲೇಜುಗಳಲ್ಲಿ ಪ್ರಬಂಧಗಳನ್ನೋದಿದರು. ವಿಷಯ, ಸ್ತ್ರೀಯರು ಮತ್ತು ಕಥಾಸಾಹಿತ್ಯ. ಅವನ್ನೇ ವಿಸ್ತರಿಸಿ 1929ರಲ್ಲಿ ಪ್ರಕಟಿಸಿದ ‘ಎ ರೂಮ್ ಆಫ್ ಒನ್ಸ್ ಓನ್’ ಉಪನ್ಯಾಸದ ಧಾಟಿಯನ್ನು ಬಿಟ್ಟಿಲ್ಲ. ಅದರ ಬಲವೂ ಆ ಧಾಟಿಯಲ್ಲೇ ಇದೆಯೆಂದು ನನ್ನ ಭಾವನೆ.

ಬರೆಯುವ ಹೆಣ್ಣಿಗೆ ವರ್ಷಕ್ಕೆ ಐನೂರು ಪೌಂಡು ವರಮಾನ, ಬೀಗವುಳ್ಳ ಒಂದು ಕೋಣೆ ಬೇಕೆಂಬುದು ಅಲ್ಲಿನ ವಾದ. ಪ್ರತಿಭೆಯೊಂದಿದ್ದರೆ ಸಾಕೆನ್ನುವ ನಮ್ಮ ವಿಮರ್ಶೆಗೆ ಈ ಲೆಕ್ಕಾಚಾರ ಒರಟೆನಿಸೀತು. ಆದರೆ ಎದುರಿಗೆ ಕುಳಿತವರು ಯಾರು? ವ್ಯಾಸಂಗ ಮುಗಿಸಿದರೂ ಪೂರ್ಣ ಪದವಿಗೆ ಅರ್ಹರೆನಿಸದ ವಿದ್ಯಾರ್ಥಿನಿಯರು. ಕೇಂಬ್ರಿಜ್ ಅದನ್ನು ಸ್ತ್ರೀಯರಿಗೆ ಕೊಟ್ಟುದು 1948ರಲ್ಲಿ. ಅಂಥವರ ಮುಂದೆ ಬರಿಯ ಪ್ರತಿಭೆಯ ಗುಣಗಾನ ಉಪಚಾರದ ಮಾತಾಗುತ್ತಿತ್ತು. ಈ ಶ್ರೋತೃಗಳನ್ನು ಮರೆತು ಪುಸ್ತಕವನ್ನೋದಿದರೆ ವಾದದ ಅರ್ಧ ಅರ್ಥ ಕೈತಪ್ಪುತ್ತದೆ.